ಕಡಲಿಲ್ಲದ ಕೀಲ್ಪಾಕಿಗೆ ಕೂಲಿಂಗ್ ಗ್ಲಾಸ್

ಕೀಲ್ಪಾಕಿನಲ್ಲಿ ಕಡಲಿಲ್ಲ. ಪೂನಮಲ್ಲಿ ಹೈರೋಡಿದೆ, ಮೆಡಿಕಲ್ ಕಾಲೇಜಿದೆ, ಮೆಟ್ರೋ ಇದೆ, 1914ರಿಂದ ಊರಿಗೆಲ್ಲ ನೀರು ಸೋಸಿ ಕಳಿಸುತ್ತಿರುವ ವಾಟರ್ ವರ್ಕ್ಸ್ ಇದೆ. ಆದರೆ ಅಲ್ಲಿ ಗಾಳ ಹಾಕಿದರೆ ಪೊಲೀಸರು ಬರುತ್ತಾರೆ. ಡಿಸೆಂಬರಿನಲ್ಲಿ ಮಳೆ ಜೋರಾದರೆ ಬೀದಿಯಲ್ಲೇ ದೋಣಿ ಬಿಡುವಷ್ಟು ನೀರು ನಿಲ್ಲುವುದುಂಟು, ಆಗ ಬಿಸಿಲಿರುವುದಿಲ್ಲ. ಬಂಗಾಳ ಕೊಲ್ಲಿ ಇರುವುದು ಪೂರ್ವಕ್ಕೆ ಐದಾರು ಕಿಲೋಮೀಟರ್ ಆಚೆ. ಚೆನ್ನೈಯಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುವವರು ಊರಿಗೆ ಹೊಸಬರು ಎಂದು ಲೆಕ್ಕ.

ಇಂಥ ಕೀಲ್ಪಾಕಿನ ಅಪಾರ್ಟ್‌ಮೆಂಟ್ ಒಂದರ ನಾಲ್ಕನೇ ಮಹಡಿಯಲ್ಲಿ ಕೆಲವು ತಿಂಗಳಿನಿಂದ ಒಂದು ಘನ ವಿಚಾರಣೆ ನಡೆದಿದೆ: ಕಡಲಂಚಿನ ಸುಡುಬಿಸಿಲಿನಲ್ಲಿ ಮೀನು ಹಿಡಿಯುವವನ ಮೂಗಿನ ಮೇಲೆ ಎಂಥ ಕೂಲಿಂಗ್ ಗ್ಲಾಸ್ ಕೂರಬೇಕು? ವಿಚಾರಣಾಧಿಕಾರಿ ನನ್ನ ಭಾವ. ಕುಂದಾಪುರದ ಕಡೆಯಿಂದ ಬಂದು ಮದ್ರಾಸಿನಲ್ಲಿ ಹೋಟೆಲು ಇಟ್ಟ ಮನೆತನದ ಮೂರನೇ ತಲೆಮಾರು. 1954ರಲ್ಲಿ ಇದೇ ಪೂನಮಲ್ಲಿ ಹೈರೋಡಿನಲ್ಲಿ ಸೀತಾರಾಮ ರಾಯರು ದಾಸಪ್ರಕಾಶ್ ಹೋಟೆಲು ತೆರೆದಾಗ, ಇನ್ನು ನಮಗೂ ಇಲ್ಲಿ ಅನ್ನವಿದೆ ಎಂದು ಧೈರ್ಯ ತಂದುಕೊಂಡು ರೈಲು ಹತ್ತಿದವರ ಪೈಕಿ ಇವರ ಅಜ್ಜನೂ ಒಬ್ಬರು. ಕಡಲ ಮೊರೆತ ಕೇಳುವ ಊರಿನಲ್ಲಿ ಹುಟ್ಟಿ, ಕಡಲಿರುವ ಊರಿಗೇ ಬಂದು, ಮೂರು ತಲೆಮಾರು ಕಡಲಿಗೆ ಬೆನ್ನು ಹಾಕಿ ಸಾಂಬಾರು ಕುದಿಸಿದ ಕುಲ. ಈಗ ಹೋಟೆಲನ್ನು ಬಾಡಿಗೆಗೆ ಕೊಟ್ಟಾಗಿದೆ. ಹೊತ್ತು ಹೋಗಲೆಂದು ಮಗ ಅಮೆರಿಕದಿಂದ ಗಾಳದ ಕೋಲು ಕಳಿಸಿದ. ಕೋಲು ಬಂದ ಮೇಲೆ ಟೋಪಿ ಬಂತು, ಹದಿನಾಲ್ಕು ಜೇಬಿನ ಜಾಕೆಟ್ ಬಂತು, ಮೀನು ತೂಗುವ ಡಿಜಿಟಲ್ ತಕ್ಕಡಿ ಬಂತು. ಉಳಿದದ್ದು ಕನ್ನಡಕ ಮತ್ತು ಮೀನು.

ಭಾವ ಮೀನು ತಿನ್ನುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮನೆಯೊಳಗೆ ಈರುಳ್ಳಿಗೂ ಏಕಾದಶಿಯಂದು ಪ್ರವೇಶವಿಲ್ಲ. "ಹಿಡೂದು, ಬಿಡೂದು ಅಷ್ಟೇ. ತಿಂಬುಕಲ್ಲ ಮಾರಾಯ. ಇದು ಸ್ಪೋರ್ಟ್ಸು," ಎನ್ನುತ್ತಾರೆ. ಗಾಳಕ್ಕೆ ಸಿಗಡಿ ಚುಚ್ಚುವುದು ಮಡಿಗೆ ವಿರೋಧವಾದ್ದರಿಂದ ಪ್ಲಾಸ್ಟಿಕ್ಕಿನ ಮರಿಮೀನುಗಳನ್ನು ತರಿಸಿದ್ದಾರೆ. ಎರೆಯೂ ಸಸ್ಯಾಹಾರಿ, ಬೇಟೆಗಾರನೂ ಸಸ್ಯಾಹಾರಿ. ತುಟಿಗೆ ಕೊಕ್ಕೆ ಚುಚ್ಚಿಸಿಕೊಂಡು, ಫೋಟೋಗೆ ನಿಂತು, ಮತ್ತೆ ನೀರಿಗೆ ಹೋಗುವ ಮೀನು ಈ ಅಹಿಂಸೆಯ ಬಗ್ಗೆ ಏನನ್ನುತ್ತದೆ ಎಂದು ಯಾರೂ ಕೇಳಿದಂತಿಲ್ಲ.

ಕಪ್ಪು ಕನ್ನಡಕದ ವಿಷಯದಲ್ಲಿ ಮದ್ರಾಸಿಗೆ ಬುದ್ಧಿ ಹೇಳುವುದು ಕಷ್ಟ. ಕಣ್ಣು ಕೆಂಪಾದರೆ ಬೆಂಗಳೂರಿನವರೂ 'ಮದ್ರಾಸ್ ಐ' ಎನ್ನುತ್ತಾರೆ. ಕೀಲ್ಪಾಕಿಗೆ ಕೂಗಳತೆಯಲ್ಲಿರುವ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ ಶುರುವಾದದ್ದು 1819ರಲ್ಲಿ. ಒಂದು ಕಾಲಕ್ಕೆ ಈ ಊರಿನಲ್ಲಿ ಕಪ್ಪು ಕನ್ನಡಕ ಹಾಕುವವರು ಮೂರೇ ಬಗೆ: ಮದ್ರಾಸ್ ಐ ಬಂದವರು, ಪೊರೆ ತೆಗೆಸಿಕೊಂಡವರು ಮತ್ತು ಮುಖ್ಯಮಂತ್ರಿಗಳು. ಎಂ.ಜಿ.ಆರ್. 1964ರ 'ಪಡಗೋಟ್ಟಿ'ಯಲ್ಲಿ ಮೀನುಗಾರರಾದರು. 1977ರಲ್ಲಿ 'ಮೀನವ ನಣ್ಬನ್' ಮಾಡಿದರು, ಅದೇ ವರ್ಷ ಮುಖ್ಯಮಂತ್ರಿಯೂ ಆದರು. ಮೀನುಗಾರನ ವೇಷಕ್ಕೆ ಬಲೆ ಸಾಕಾಯಿತು. ನಾಯಕನ ವೇಷಕ್ಕೆ ತುಪ್ಪಳದ ಟೋಪಿ ಮತ್ತು ಕಪ್ಪು ಕನ್ನಡಕ ಬೇಕಾಯಿತು. ಕರುಣಾನಿಧಿಯವರದು ಅಪಘಾತದಲ್ಲಿ ಪೆಟ್ಟಾದ ಕಣ್ಣಿಗೆ ವೈದ್ಯರು ಹೇಳಿದ ಕನ್ನಡಕ. ಆದರೂ ಜನ ಅದನ್ನು ಔಷಧವೆಂದು ನೋಡಲಿಲ್ಲ, ಲಾಂಛನವೆಂದು ನೋಡಿದರು. 2017ರಲ್ಲಿ ಅವರು ಚೌಕಟ್ಟು ಬದಲಿಸಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಒಬ್ಬರು ಇಲ್ಲಿಗೆ ಬಂದು, ಕನ್ನಡಕವನ್ನು ಗಿರಗಿರನೆ ತಿರುಗಿಸಿ ಮೂಗಿನ ಮೇಲೆ ಇಳಿಸುವುದನ್ನೇ ಒಂದು ಕಲೆ ಮಾಡಿ, ರಜನಿಕಾಂತ್ ಆದರು. ಇವರಲ್ಲಿ ಯಾರೂ ಕನ್ನಡಕದೊಳಗಿನಿಂದ ಏನು ಕಂಡಿತು ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹೊರಗಿನಿಂದ ಹೇಗೆ ಕಂಡಿತು ಎಂಬುದಷ್ಟೇ ಚರಿತ್ರೆ.

ಭಾವ ಕನ್ನಡಕ ಕೊಳ್ಳಲು ಹೊರಟಾಗ ಈ ಇಡೀ ಚರಿತ್ರೆ ಅವರ ಬೆನ್ನಿಗಿತ್ತು.

ಅಂಗಡಿಯಲ್ಲಿ ಅವರ ಪರೀಕ್ಷೆ ಸರಳ. ಒಂದೊಂದೇ ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗುವುದು. "ಕಣ್ಣು ಕಾಣ್ತದಾ?" ನಾನು "ಸ್ವಲ್ಪ ಕಾಣ್ತದೆ ಭಾವ" ಅಂದರೆ ಅದು ನಪಾಸು. "ಏನೂ ಕಾಣಲ್ಲ" ಅಂದರೆ ಪಾಸು. ಗಾಜು ಎಷ್ಟು ಕಪ್ಪೋ ಕಣ್ಣಿಗೆ ಅಷ್ಟು ತಂಪು ಎಂಬುದು ಕರ್ನಾಟಕ, ತಮಿಳುನಾಡು ಎರಡೂ ಕಡೆ ಕಾವೇರಿಯಷ್ಟೇ ಹಳೆಯ, ಆದರೆ ಜಗಳವಿಲ್ಲದೆ ಹಂಚಿಕೊಂಡ ನಂಬಿಕೆ.

ಅದು ಸುಳ್ಳು ಎಂಬುದೇ ಇಲ್ಲಿಯ ತಮಾಷೆ. ಕಣ್ಣಿಗೆ ಹಾನಿ ಮಾಡುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಅದನ್ನು ತಡೆಯುವ ಗುಣವೂ ಕಣ್ಣಿಗೆ ಕಾಣುವುದಿಲ್ಲ. 400 ನ್ಯಾನೋಮೀಟರಿಗಿಂತ ಕೆಳಗಿನ ಕಿರಣವನ್ನೆಲ್ಲ ತಡೆದರೆ ಅದಕ್ಕೆ 'ಯುವಿ 400' ಎನ್ನುತ್ತಾರೆ. ಆ ಗುಣ ನೀರಿನಷ್ಟು ತಿಳಿಯಾದ ಪಾಲಿಕಾರ್ಬೊನೇಟ್ ಗಾಜಿಗೂ ಇರಬಹುದು. ಕಾಡಿಗೆಯಂಥ ಕಪ್ಪು ಗಾಜಿಗೆ ಇಲ್ಲದೆಯೂ ಇರಬಹುದು. ಕಪ್ಪು ಮಾತ್ರ ಇದ್ದು ತಡೆ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು: ಕತ್ತಲಾಯಿತೆಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ಆ ಕಿರಣಕ್ಕೆ ಬಾಗಿಲು ತೆಗೆದುಕೊಟ್ಟಂತಾಗುತ್ತದೆ. ಕಪ್ಪಿಗೆ ಬೇರೆ ಲೆಕ್ಕವಿದೆ, 0ಯಿಂದ 4ರವರೆಗೆ. ಕಡಲಿಗೆ 3 ಸಾಕು. ಅದು ಶೇಕಡಾ 8ರಿಂದ 18ರಷ್ಟು ಬೆಳಕು ಬಿಡುತ್ತದೆ. 4 ಎಂದರೆ ಶೇಕಡಾ 3ರಿಂದ 8. ಅದನ್ನು ಹಾಕಿಕೊಂಡು ವಾಹನ ಓಡಿಸಕೂಡದು. ಭಾವ 4 ಕೇಳಿದರು. "ಇದರಲ್ಲಿ ಕಾರು ಬಿಡೂಕಾಗುದಿಲ್ಲ ಭಾವ" ಎಂದೆ. "ಮದ್ರಾಸಿನಲ್ಲಿ ಕಣ್ಣು ಬಿಟ್ಟು ಕಾರು ಓಡಿಸುವವರು ಯಾರಿದ್ದಾರೆ?" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅಂಗಡಿಯ ಹುಡುಗ ಗಲ್ಲಾದ ಕೆಳಗಿನಿಂದ ಒಂದು ಕಾರ್ಡು ತೆಗೆದ. ಬರಿಗಣ್ಣಿಗೆ ಅದರಲ್ಲಿ ಮಸುಕು ಬೂದು ಚೌಕ. ಪೋಲರೈಸ್ಡ್ ಕನ್ನಡಕ ಹಾಕಿ ನೋಡಿದರೆ ಆ ಚೌಕದೊಳಗೆ ಮೀನು! ಭಾವ ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಉಂಟು ಮಾರಾಯ, ಮೀನುಂಟು!" ಇಡೀ ಅಂಗಡಿ ತಿರುಗಿ ನೋಡಿತು. ಕನ್ನಡಕ ಖರೀದಿಯಾಯಿತು. ಇವತ್ತಿನವರೆಗೆ ಆ ಕನ್ನಡಕದಿಂದ ಭಾವ ಕಂಡುಹಿಡಿದ ಮೀನು ಅದೊಂದೇ.

ಕಾರ್ಡಿನ ಹಿಂದಿನ ವಿಜ್ಞಾನ ಮಾತ್ರ ಸುಳ್ಳಲ್ಲ. ನೀರಿನಿಂದ ಪ್ರತಿಫಲಿಸಿ ಕಣ್ಣಿಗೆ ರಾಚುವ ಬೆಳಕು ಹೆಚ್ಚಾಗಿ ಅಡ್ಡಡ್ಡಕ್ಕೆ ಕಂಪಿಸುತ್ತದೆ. ಪೋಲರೈಸ್ಡ್ ಗಾಜು ಉದ್ದಕ್ಕೆ ಕಂಪಿಸುವ ಬೆಳಕನ್ನಷ್ಟೇ ಬಿಡುತ್ತದೆ. ರಾಚುವುದು ಹೊರಗೇ ಉಳಿದು, ನೀರಿನ ಒಳಗಿನಿಂದ ಬರುವ ಬೆಳಕು ದಾಟುತ್ತದೆ. 1808ರಲ್ಲಿ ಮಾಲ್ಯೂಸ್ ಎಂಬ ಫ್ರೆಂಚ್ ಎಂಜಿನಿಯರ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗೆ ಬಿದ್ದ ಬಿಸಿಲನ್ನು ಹರಳಿನ ಮೂಲಕ ನೋಡುತ್ತಾ ಇದನ್ನು ಕಂಡುಕೊಂಡ. 1815ರಲ್ಲಿ ಸ್ಕಾಟ್ಲೆಂಡಿನ ಬ್ರೂಸ್ಟರ್ ಅದಕ್ಕೆ ಕೋನದ ಲೆಕ್ಕ ಕೊಟ್ಟ. 1929ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಅದನ್ನು ತೆಳು ಹಾಳೆಯಾಗಿಸಿ, ಮುಂದೆ ಕನ್ನಡಕವಾಗಿಸಿ, ದುಡ್ಡಾಗಿಸಿದ.

ಆದರೆ ಇದೇ ಉಪಾಯದಿಂದ ಕಡಲನ್ನು ನಿಜಕ್ಕೂ ನೋಡಿದವರು ನಮ್ಮವರೇ. ಮರೀನಾದ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1933ರಿಂದ ಕೊನೆಯವರೆಗೂ ಬೆಂಗಳೂರಿನವರಾಗಿ ಉಳಿದ ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುವಾಗ ಅವರ ಬಳಿ ನಿಕಾಲ್ ಪ್ರಿಸಂ ಎಂಬ ಪುಟ್ಟ ಹರಳಿನ ಸಾಧನವಿತ್ತು. ಕಡಲು ನೀಲಿಯಾಗಿರುವುದು ಆಕಾಶದ ನೆರಳು ಬಿದ್ದು ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳಿದ್ದರು. ರಾಮನ್ ಪ್ರಿಸಂ ಹಿಡಿದು ಪ್ರತಿಫಲನವನ್ನು ಕಳೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಹೊಳೆಯಿತು. ಆ ದಾರಿಯಲ್ಲಿ ಹೋಗಿ 1930ರಲ್ಲಿ ನೊಬೆಲ್ ಬಂತು. ಆ ಹಡಗಿನ ಅಟ್ಟದ ಮೇಲೆ ಅವರ ಫೋಟೋ ತೆಗೆದು 'ಸೂಪರ್ ಸರ್' ಎನ್ನಲು ಒಬ್ಬನೂ ಇರಲಿಲ್ಲ.

ಇನ್ನು ಬಣ್ಣ. ಕೀಲ್ಪಾಕಿನ ನಾಲ್ಕನೇ ಮಹಡಿಯಲ್ಲಿ ಗಾಜಿನ ಬಣ್ಣದ ಬಗ್ಗೆ ನಡೆದಷ್ಟು ಚರ್ಚೆ ಸೀರೆ ಅಂಗಡಿಯಲ್ಲೂ ನಡೆಯುವುದಿಲ್ಲ. ಆಳ ಕಡಲಿನ ಉರಿಬಿಸಿಲಿಗೆ ಬೂದು ಗಾಜು: ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ದಡದ ಹತ್ತಿರ, ತೆಳು ನೀರಿನಲ್ಲಿ, ಹಿನ್ನೀರಿನಲ್ಲಿ ಕಂದು ಅಥವಾ ತಾಮ್ರದ ಬಣ್ಣ: ತಳದ ಮರಳು, ಕಲ್ಲು, ಮೀನಿನ ನೆರಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಮುಂಜಾವಿನ ಮಬ್ಬಿಗೆ ಹಳದಿ. ಹೊರಮೈಯ ಹಸಿರು, ನೀಲಿ ಮಿರರ್ ಲೇಪನ ಇನ್ನಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಎದುರಿನವರಿಗೆ ಅವರ ಮುಖ ತೋರಿಸುತ್ತದೆ. ಭಾವ ಇದನ್ನೆಲ್ಲ ಕಂಠಪಾಠ ಮಾಡಿ ಹಸಿರು ಮಿರರನ್ನೇ ಆರಿಸಿದರು. ಕಾರಣ ಕೇಳಿದ್ದಕ್ಕೆ ಶರ್ಟಿಗೆ ಹೊಂದುತ್ತದೆ ಎಂದರು.

ಬ್ರಾಂಡಿನದು ಮತ್ತೊಂದು ಪುರಾಣ. ಫ್ಲೋರಿಡಾದಲ್ಲಿ 1983ರಲ್ಲಿ ಶುರುವಾದ ಕೋಸ್ಟಾ ಎಂಬ ಕಂಪನಿಯದು ಮೀನು ಹಿಡಿಯುವವರಿಗೆಂದೇ ಮಾಡಿದ ಕನ್ನಡಕ. ಅಮೆರಿಕದಲ್ಲಿ ಇನ್ನೂರು ಡಾಲರಿಗೂ ಮೇಲೆ. ಭಾವನ ಮಗ ಅದೇ ಆಗಬೇಕೆಂದ. ಅಳಿಯ ಓಕ್ಲಿಯೇ ಶ್ರೇಷ್ಠವೆಂದ. ಎದುರು ಫ್ಲ್ಯಾಟಿನವರು ರೇ-ಬ್ಯಾನ್ ಬಿಟ್ಟು ಬೇರೆಯದನ್ನು ಕನ್ನಡಕವೆಂದೇ ಒಪ್ಪುವುದಿಲ್ಲ. ಮೂರು ಪಕ್ಷಗಳ ನಡುವೆ ವಾಟ್ಸಾಪಿನಲ್ಲಿ ಮಾತು ಬೆಳೆದು, ಒಂದು ಮದುವೆಯ ಕರೆಯೋಲೆ ತಪ್ಪುವಷ್ಟು ದೂರ ಹೋಯಿತು. ರೇ-ಬ್ಯಾನ್ 1999ರಿಂದ, ಓಕ್ಲಿ 2007ರಿಂದ ಇಟಲಿಯ ಲಕ್ಸೋಟಿಕಾ ಕಂಪನಿಯ ಕೈಯಲ್ಲಿವೆ. 2014ರಲ್ಲಿ ಕೋಸ್ಟಾವನ್ನು ಕೊಂಡದ್ದು ಫ್ರಾನ್ಸಿನ ಎಸಿಲಾರ್. 2018ರಲ್ಲಿ ಲಕ್ಸೋಟಿಕಾ, ಎಸಿಲಾರ್ ಎರಡೂ ಕೂಡಿ ಒಂದಾದವು. ಅಂದರೆ ಮೂವರೂ ಒಂದೇ ಮನೆಯ ಮೂರು ಬಾಗಿಲಲ್ಲಿ ನಿಂತು ಕಾದಾಡುತ್ತಿದ್ದರು. ದ್ರಾವಿಡ ಪಕ್ಷಗಳ ರಾಜಕೀಯವನ್ನು ಮೂರು ತಲೆಮಾರು ನೋಡಿದ ಮನೆಗೆ ಇದು ಅರ್ಥವಾಗದೇ ಹೋದದ್ದು ಆಶ್ಚರ್ಯ.

ಕೊನೆಗೂ ಒಂದು ಭಾನುವಾರ ಚೆನ್ನೈ ಹತ್ತಿರದ ಕೋವಳಂಗೆ ಹೊರಟೆವು. ಫೈಬರ್ ದೋಣಿಯ ಅಣ್ಣ ಹಿಂದಿನ ದಿನವೇ ಹೇಳಿದ್ದ, "ಸಾರ್, ನಾಲ್ಕಕ್ಕೆ ಬನ್ನಿ." ಭಾವ ಎಂಟಕ್ಕೆ ಬಂದರು. ಯಾಕೆಂದರೆ ನಾಲ್ಕಕ್ಕೆ ಕತ್ತಲು. ಕತ್ತಲಲ್ಲಿ ಕನ್ನಡಕಕ್ಕೇನು ಕೆಲಸ? ಮೀನುಗಾರರು ನಸುಕಿನಲ್ಲಿ ಹೋಗಿ, ಹಿಡಿದು, ಮರಳಿ ದಡದಲ್ಲಿ ಬಲೆ ಕೊಡವುತ್ತಿದ್ದರು. ಮೀನು ಕನ್ನಡಕದ ವೇಳಾಪಟ್ಟಿಯನ್ನು ಓದಿರಲಿಲ್ಲ.

ಗಂಟೆಯ ವಿಷಯದಲ್ಲಿ ಭಾವ ಪೂರ್ತಿ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಪೋಲರೈಸ್ಡ್ ಗಾಜು ದಿನವಿಡೀ ಒಂದೇ ಥರ ದುಡಿಯುವುದಿಲ್ಲ. ಬ್ರೂಸ್ಟರನ ಲೆಕ್ಕದಲ್ಲಿ ನೀರಿಗೆ ಕೋನ ಸುಮಾರು 53 ಡಿಗ್ರಿ; ಅಂದರೆ ಸೂರ್ಯ ದಿಗಂತದಿಂದ 37 ಡಿಗ್ರಿ ಏರಿದಾಗ ಅವನ ಪ್ರತಿಬಿಂಬದ ರಾಚುವಿಕೆಯನ್ನು ಗಾಜು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ನಡುಮಧ್ಯಾಹ್ನ ನೆತ್ತಿಯ ಮೇಲಿದ್ದಾಗಲೂ ದಿಗಂತಕ್ಕೆ ತಾಗಿಕೊಂಡಿದ್ದಾಗಲೂ ಅಷ್ಟು ತಡೆಯುವುದಿಲ್ಲ. ಚೆನ್ನೈಯಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಾನೆ. ಬೇಸಿಗೆಯ ದಿನ ಎಂಟೂವರೆಯ ಸುಮಾರಿಗೆ ಆ ಎತ್ತರದಲ್ಲಿರುತ್ತಾನೆ. ಮಲ್ಪೆಯಲ್ಲಿ ಅವನು ಕಡಲಿಗೆ ಇಳಿಯುವವನು. ಅಲ್ಲಿ ಇದೇ ಲೆಕ್ಕ ಸಂಜೆ ನಾಲ್ಕರ ಸುಮಾರಿಗೆ. ಎರಡೂ ಊರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲೇ ಇವೆ, ಕನ್ನಡಕ ಬದಲಿಸಬೇಕಿಲ್ಲ. ಅಲಾರಂ ಬದಲಿಸಿದರೆ ಸಾಕು.

ದೋಣಿ ಹೊರಟಿತು. ಭಾವ ಕನ್ನಡಕ ಏರಿಸಿ ನೀರಿನೊಳಗೆ ಇಣುಕಿದರು. ರಾಚುವಿಕೆ ಮಾಯ. ನೀರಿನ ಒಳಗು ಸ್ಪಷ್ಟ. "ಅಲ್ಲಿ ಬೆಳ್ಳಗೆ ಏನೋ ಹೋಯ್ತು!" ಎಂದು ಕೂಗಿದರು. ಅಣ್ಣ ಹುಟ್ಟಿನ ತುದಿಯಿಂದ ಎತ್ತಿ ತೋರಿಸಿದ: ಹಾಲಿನ ಪ್ಯಾಕೆಟ್. ಮುಂದೆ ಇನ್ನೊಂದು ಹೊಳಪು: ಚಿಪ್ಸ್ ಪೊಟ್ಟಣದ ಒಳಮೈ. ಇಪ್ಪತ್ತು ಸಾವಿರದ ಹತ್ತಿರದ ಕನ್ನಡಕ ತನ್ನ ಮಾತು ಉಳಿಸಿಕೊಂಡಿತ್ತು. ನೀರಿನಲ್ಲಿ ಏನಿದೆಯೋ ಅದನ್ನೇ ತೋರಿಸಿತು. ಹಿನ್ನೀರಿಗೆ ಬಂದ ಮೇಲೆ ಅದೂ ಇಲ್ಲ. ಗಾಜು ಪ್ರತಿಫಲನವನ್ನು ತೆಗೆಯುತ್ತದೆ, ಕೆಸರನ್ನು ತೆಗೆಯುವುದಿಲ್ಲ. ಅದಕ್ಕೆ ಕಾರ್ಪೊರೇಷನ್ ಬೇಕು.

ಅಣ್ಣನ ಕಣ್ಣಿಗೆ ಗಾಜಿರಲಿಲ್ಲ. ಹುಬ್ಬಿನ ಮೇಲೆ ಒಂದು ಅಂಗೈ, ತಲೆಗೆ ಒಂದು ಟವೆಲ್. ಹಕ್ಕಿ ಎಲ್ಲಿ ಮುಳುಗುತ್ತದೆ, ಅಲೆಯ ಮೇಲೆ ಎಲ್ಲಿ ಸಣ್ಣಗೆ ನಡುಕ ಎದ್ದಿದೆ, ನೀರಿನ ಬಣ್ಣ ಎಲ್ಲಿ ಒಂದು ಛಾಯೆ ಕಪ್ಪಾಗಿದೆ, ಅಷ್ಟು ನೋಡಿ "ಅಲ್ಲಿ ಹಿಂಡಿದೆ ಸಾರ್" ಎಂದ. ನಮ್ಮ ಕರಾವಳಿಯಲ್ಲೂ ರಂಪಣಿ ಬಲೆಯ ಕಾಲದಲ್ಲಿ ದಡದಲ್ಲಿ ನಿಂತು ನೀರಿನ ಬಣ್ಣ ನೋಡಿಯೇ ಬಂಗುಡೆ ಹಿಂಡು ಹೇಳುವ ಹಿರಿಯರಿದ್ದರು. ಭಾವ ಅಲ್ಲಿಗೆ ಪ್ಲಾಸ್ಟಿಕ್ ಮರಿಮೀನು ಎಸೆದರು. ನೀರಿನೊಳಗಿನ ಮೀನಿಗೆ ಹೊರಗಿನ ಜಗತ್ತೆಲ್ಲ ತಲೆಯ ಮೇಲೆ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಆ ಕಿಟಕಿಯಲ್ಲಿ ಆ ಹೊತ್ತು ಹಸಿರು ಮಿರರಿನ ಎರಡು ಹೊಳಪು ಬಗ್ಗಿ ನೋಡುತ್ತಿದ್ದವು. ಹಿಂಡು ಜಾಗ ಬಿಟ್ಟಿತು.

ಕೊನೆಗೆ ಅಣ್ಣನ ಬುಟ್ಟಿಯಲ್ಲಿ ನಸುಕಿನ ಹಿಡಿತದ ಒಂದು ಕಣವಾ, ಅಂದರೆ ಕಟಲ್‌ಫಿಶ್, ಉಳಿದಿತ್ತು. ನಮ್ಮ ಕಡೆಯ ಬೊಂಡಾಸದ ನಂಟಸ್ತನದ್ದು. ಈ ಜಾತಿಯ ಜೀವಿಗಳ ಕಣ್ಣಿಗೆ ಬೆಳಕಿನ ಕಂಪನದ ದಿಕ್ಕು ಹುಟ್ಟಿನಿಂದಲೇ ಗೊತ್ತಾಗುತ್ತದೆ. ಪಾರದರ್ಶಕ ಬೇಟೆಯನ್ನು ಅವು ಹಾಗೇ ಪತ್ತೆ ಹಚ್ಚುತ್ತವೆ. ಮಾಲ್ಯೂಸ್, ಬ್ರೂಸ್ಟರ್, ಲ್ಯಾಂಡ್ ಮೂವರೂ ಸೇರಿ ನೂರಿಪ್ಪತ್ತು ವರ್ಷ ಪಟ್ಟ ಪಾಡು ಅದಕ್ಕೆ ಪುಕ್ಕಟೆ. ಅಂಥದ್ದನ್ನು ನಾವು ಮೆಣಸಿನ ಪುಡಿ ಹಾಕಿ ಹುರಿಯುತ್ತೇವೆ, ಆಮೇಲೆ ಕನ್ನಡಕ ಕೊಳ್ಳುತ್ತೇವೆ.

ಮೀನಿಲ್ಲದೆ ಮನೆಗೆ ಹೋಗುವುದು ಭಾವನಿಗೆ ದೊಡ್ಡ ಸಂಗತಿಯಲ್ಲ, ಮೂರು ತಲೆಮಾರು ಹಾಗೇ ಹೋದವರು. ಫೋಟೋ ಇಲ್ಲದೆ ಹೋಗುವುದು ಹೇಗೆ? ಮರಳುವ ದಾರಿಯಲ್ಲಿ ಕಾರನ್ನು ಮೀನು ಮಾರುವ ಸಾಲಿನ ಮುಂದೆ ನಿಲ್ಲಿಸಿದರು. ಕನ್ನಡಕ ತೆಗೆಯದೆಯೇ ಒಂದು ವಂಜರಂ ತೋರಿಸಿದರು; ನಮ್ಮ ಕಡೆ ಅಂಜಲ್ ಎನ್ನುವುದು. ಮಾರುವ ಅಮ್ಮ ಒಳ್ಳೆಯವಳು. "ಸಾರ್, ಕಣ್ಣಾಡಿ ತೆಗೆದು ನೋಡಿ," ಎಂದಳು. ಮೀನು ತಾಜಾ ಹೌದೋ ಅಲ್ಲವೋ ಎಂದು ಹೇಳುವುದು ಮೀನಿನ ಕಣ್ಣು: ಉಬ್ಬಿ ಮಿರಮಿರ ಹೊಳೆಯಬೇಕು, ಕಿವಿರು ಕೆಂಪಗಿರಬೇಕು. ಪೋಲರೈಸ್ಡ್ ಗಾಜಿಗೆ ಒದ್ದೆಯ ಹೊಳಪೆಂದರೆ ವೈರಿ. ಬಣ್ಣದ ಗಾಜಿಗೆ ಕೆಂಪೂ ಒಂದೇ, ಕಂದೂ ಒಂದೇ. ಮೀನು ನೋಡಲೆಂದು ಮಾಡಿದ ಕನ್ನಡಕ ಹಾಕಿಕೊಂಡರೆ ಮೀನು ಕೊಳ್ಳುವುದಕ್ಕಾಗುವುದಿಲ್ಲ. ಭಾವ ಹಣ ಕೊಡಲು ಫೋನು ತೆಗೆದರು; ಅಡ್ಡ ಹಿಡಿದ ಫೋನಿನ ಪರದೆ ಕನ್ನಡಕದೊಳಗಿನಿಂದ ಪೂರ್ತಿ ಕಪ್ಪು. ಬ್ಯಾಟರಿ ಹೋಯಿತೆಂದು ನನ್ನ ಜೇಬಿಗೆ ಕೈ ಹಾಕಿದರು. ಬಾಲಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಎರಡು ಬೆರಳಲ್ಲಿ ಮೀನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು, ಅದನ್ನು ಮರಳಿ ಆಕೆಯ ಹಲಗೆಯ ಮೇಲೇ ಇಟ್ಟರು. ಹಿಡಿದದ್ದೂ ಆಯಿತು, ಬಿಟ್ಟದ್ದೂ ಆಯಿತು. ತತ್ತ್ವಕ್ಕೆ ಎಲ್ಲೂ ಭಂಗವಿಲ್ಲ. ಮೀನಿನ ಮೈಮೇಲೆ ಐಸಿನ ಗುರುತು ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ನೋಡಿದವರೆಲ್ಲ ಸಸ್ಯಾಹಾರಿಗಳಾದ್ದರಿಂದ ಭಾವ ಬಚಾವಾದರು.

ನಿಜಕ್ಕೂ ಕೊಳ್ಳಬೇಕೆನ್ನುವವರಿಗೆ ಹೇಳುವುದು ಇಷ್ಟೇ. ಯುವಿ 400 ಮೊದಲು. ಚೀಟಿಯನ್ನು ನಂಬಬೇಡಿ, ಯುವಿ ಅಳೆಯುವ ಪುಟ್ಟ ಯಂತ್ರ ಎಷ್ಟೋ ಕನ್ನಡಕದಂಗಡಿಗಳಲ್ಲಿ ಇರುತ್ತದೆ, ಇಡಿಸಿ ನೋಡಿ. ಪೋಲರೈಸ್ಡ್ ಎರಡನೆಯದು; ಫೋನಿನ ಪರದೆಯ ಮುಂದೆ ಕನ್ನಡಕವನ್ನು ತಿರುಗಿಸಿ, ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅಸಲಿ. ಕಪ್ಪು 3ನೇ ದರ್ಜೆ. ದಡಕ್ಕೆ ಕಂದು, ಆಳಕ್ಕೆ ಬೂದು. ಪಕ್ಕದಿಂದಲೂ ಬೆಳಕು ನುಗ್ಗದ ಹಾಗೆ ಕಿವಿಯತ್ತ ಬಾಗಿದ ಚೌಕಟ್ಟು. ಒಣ ಮರಳು ಅತಿನೇರಳೆಯನ್ನು ಶೇಕಡಾ 15ರಷ್ಟು, ಅಲೆಯ ನೊರೆ ಶೇಕಡಾ 25ರಷ್ಟು ಹಿಂದಕ್ಕೆ ಎಸೆಯುತ್ತದೆ. ಗಾಜಿನ ಬದಲು ಪಾಲಿಕಾರ್ಬೊನೇಟ್. ಹಾರಿ ಬರುವ ಕೊಕ್ಕೆ ಮತ್ತು ಸೀಸದ ಗುಂಡಿನಿಂದ ಕಣ್ಣು ಉಳಿಸುವುದು ಅದೇ. ಕುತ್ತಿಗೆಗೆ ಒಂದು ದಾರ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಒಣಗಿದ ಮೇಲೆ ಒರೆಸಿದರೆ ಗೀರು. ತಲೆಗೆ ಅಗಲ ಅಂಚಿನ ಟೋಪಿ. ಇವೆಲ್ಲ ಕೂಡಿ ಬರಲು ಇಪ್ಪತ್ತು ಸಾವಿರ ಬೇಕಿಲ್ಲ. ಉಳಿದದ್ದು ಚೌಕಟ್ಟಿನ ಮೇಲಿನ ಹೆಸರಿಗೆ.

ಈ ಪಟ್ಟಿ ನಿಜವಾಗಿ ಬೇಕಾದವರು ಬೇರೆ. 1988ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರ ಕಣ್ಣು ಪರೀಕ್ಷಿಸಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು: ಬಿಸಿಲಿನ ಅತಿನೇರಳೆ ಹೆಚ್ಚು ಬಿದ್ದಷ್ಟೂ ಒಂದು ಬಗೆಯ ಕಣ್ಣಿನ ಪೊರೆ ಹೆಚ್ಚು. ಇಂದು ಕೂಲಿಂಗ್ ಗ್ಲಾಸ್ ಮಾರುವವರು 'ವಿಜ್ಞಾನ ಹೇಳುತ್ತದೆ' ಎನ್ನುವಾಗ ಆ ವಿಜ್ಞಾನದ ಬೇರಿನಲ್ಲಿರುವುದು ಮೀನುಗಾರರ ಕಣ್ಣು. ಪುರಾವೆ ಅವರದು, ಜಾಹೀರಾತು ನಮ್ಮದು. ಚೆನ್ನೈಯ ಕಾಸಿಮೇಡಿನಲ್ಲಿ, ನೊಚ್ಚಿಕುಪ್ಪಂನಲ್ಲಿ ದಿನವಿಡೀ ಬಿಸಿಲಿಗೆ ಮುಖ ಒಡ್ಡಿದವರ ಕಣ್ಣಿನ ಬಿಳಿಯ ಮೇಲೆ ಮಾಂಸದ ಪೊರೆ ಬೆಳೆಯುವುದನ್ನು ನೋಡಲು ಪೋಲರೈಸ್ಡ್ ಗಾಜು ಬೇಡ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಕ್ಕೆ ತಮಿಳುನಾಡು ಸರ್ಕಾರ ಒಂದು ಕುಟುಂಬಕ್ಕೆ ಕೊಡುವ ಪರಿಹಾರ 8000 ರೂಪಾಯಿ. ಭಾವನ ಮೂಗಿನ ಮೇಲೆ ಅಂಥ ಎರಡು ಕುಟುಂಬ ಕೂತಿದ್ದವು.

ಊರಿಗೆ ಈ ಮೀನುಗಾರರು ಬೇರೆಯೇ ಕಾರಣಕ್ಕೆ ಕಣ್ಣಿಗೆ ರಾಚುತ್ತಾರೆ. ಮರೀನಾದ ದಕ್ಷಿಣಕ್ಕೆ ಲೂಪ್ ರಸ್ತೆಯಲ್ಲಿ ಮೀನಿನಂಗಡಿಗಳಿಂದ ವಾಹನಗಳಿಗೆ ಅಡಚಣೆ ಎಂದು 2023ರಲ್ಲಿ ಮದ್ರಾಸ್ ಹೈಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಕಾರ್ಪೊರೇಷನ್ ತೆರವಿಗೆ ಇಳಿಯಿತು, ಮೀನುಗಾರರು ಬೀದಿಗೆ ಇಳಿದರು, 2024ರಲ್ಲಿ ಹೊಸ ಮಾರುಕಟ್ಟೆ ಕಟ್ಟಡ ಉದ್ಘಾಟನೆಯಾಯಿತು. ರಸ್ತೆ ಬರುವ ಮೊದಲೇ ಮೀನುಗಾರರ ಆ ಕುಪ್ಪಂಗಳು ಅಲ್ಲಿದ್ದವು ಎಂಬ ಸಂಗತಿ ಮಾತ್ರ ಯಾವ ಗಾಜಿನಿಂದಲೂ ದಾಟಿ ಬರಲಿಲ್ಲ.

ಮೊನ್ನೆ ಭಾವನ ಅಪಾರ್ಟ್‌ಮೆಂಟಿನ ಸಂಘಕ್ಕೆ ಚುನಾವಣೆ ನಡೆಯಿತು. ಭಾವ ಪ್ರಚಾರಕ್ಕೆ ಒಂದೇ ಫೋಟೋ ಹಾಕಿದರು: ಹಸಿರು ಕನ್ನಡಕ, ಕೈಯಲ್ಲಿ ವಂಜರಂ, ಹಿಂದೆ ಕಡಲು. ಈ ಊರಿಗೆ ಇಂಥ ಚಿತ್ರದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಭಾರೀ ಬಹುಮತದಿಂದ ಅಧ್ಯಕ್ಷರಾದರು. ಅಧಿಕಾರ ವಹಿಸಿಕೊಂಡು ಹೊರಡಿಸಿದ ಮೊದಲ ಸುತ್ತೋಲೆ ಲಿಫ್ಟಿಗೆ ಅಂಟಿಸಲಾಗಿದೆ: ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬಂದು ಗೇಟಿನ ಬಳಿ ಕೂರುತ್ತಿದ್ದ ಮೀನಿನ ಅಮ್ಮನಿಗೆ ಇನ್ನು ಮುಂದೆ ಆವರಣದ ಹತ್ತಿರ ಜಾಗವಿಲ್ಲ. ವಾಸನೆ, ನೊಣ ಮತ್ತು 'ಕಟ್ಟಡದ ನೋಟಕ್ಕೆ ಧಕ್ಕೆ'. ಬೇಕಾದವರು ಮೊಬೈಲಿನಲ್ಲಿ ತರಿಸಿಕೊಳ್ಳಬಹುದು. ತಲೆ ತೆಗೆದು, ಸ್ವಚ್ಛ ಮಾಡಿ, ಡಬ್ಬಿಯಲ್ಲಿ ಕೊಡುತ್ತಾರೆ. ಆ ಮೀನಿಗೆ ನೋಡಲು ಕಣ್ಣೇ ಇರುವುದಿಲ್ಲ.

"ಭಾವ, ಗೆದ್ದದ್ದು ಮೀನು ಹಿಡಿದ ಫೋಟೋದಿಂದ. ಗೆದ್ದ ಮೇಲೆ ಮೀನಿನವಳನ್ನೇ ಓಡಿಸಿದ್ರಲ್ಲ?" ಎಂದೆ.

"ಕಾಣ್ ಮಾರಾಯ," ಎಂದರು, "ಮೀನು ಬೇರೆ, ಮೀನಿನ ವಾಸನೆ ಬೇರೆ. ಬಿಸಿಲು ತಡೂಕೆ ಕನ್ನಡಕ ಬಂತು. ವಾಸನೆ ತಡೂಕೆ ಇನ್ನೂ ಯಾವ ಕಂಪನಿಯೂ ಏನೂ ಮಾಡ್ಲಿಲ್ಲ. ಅಲ್ಲಿವರೆಗೆ ಗೇಟು."